ಖಾಲಿ ಕುರ್ಚಿಗೆ ರೋಬೋಟ್ ಕೂರಿಸಬೇಕಾ?

ಮಲೆನಾಡಿನವರಿಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಅಡಿಕೆ ಸುಲಿಯುವ ಮಷಿನ್ ಬಂದಾಗ ಯಾರೂ ಅದರ ಮುಂದೆ ಧರಣಿ ಕೂರಲಿಲ್ಲ. ಸುಗ್ಗಿಯಲ್ಲಿ ತಡರಾತ್ರಿವರೆಗೆ ಮೆಟ್ಟುಗತ್ತಿ ಮುಂದೆ ಕೂತು ಸೊಂಟ ಹಿಡಿಸಿಕೊಂಡವರಿಗೆ ಅದು ಬೇಕೇ ಇತ್ತು. ಅದರಿಂದ ಕೂಲಿ ಕಳೆದುಕೊಂಡವರೂ ಇದ್ದಾರೆ, ಅದೂ ನಿಜ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು ಸಿಗದೆ ಹೋದಾಗ ಕಾರ್ಬನ್ ಫೈಬರ್ ದೋಟಿ ಬಂತು. ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಮರದಿಂದ ಬೀಳುವ ಭಯ ಇಲ್ಲ. ಕಳೆ ಹೊಡೆಯಲು, ಹಾಲು ಕರೆಯಲು, ಎಲ್ಲದಕ್ಕೂ ಒಂದೊಂದು ಮಷಿನ್ ಬಂದಿದೆ. ಪ್ರತಿ ಸಲವೂ ಕಾರಣ ಒಂದೇ: ಜನ ಸಿಗುತ್ತಿಲ್ಲ.

ಈಗ ಅದೇ ಕಾರಣವನ್ನು ಇನ್ನೂ ಮೂರು ಕೆಲಸಗಳಿಗೆ ಹೇಳುತ್ತಿದ್ದಾರೆ. ವಯಸ್ಸಾದವರನ್ನು ನೋಡಿಕೊಳ್ಳಲು ಜನ ಇಲ್ಲ, ರೋಬೋಟ್ ಬರಲಿ. ಶಾಲೆಗೆ ಮೇಷ್ಟ್ರು ಸಾಲುತ್ತಿಲ್ಲ, ರೋಬೋಟ್ ಪಾಠ ಮಾಡಲಿ. ಪೊಲೀಸರು ಕಡಿಮೆ, ಇರುವವರ ಮೇಲೆ ನಂಬಿಕೆಯೂ ಕಡಿಮೆ, ಹಾಗಾಗಿ ಲಾಠಿ ಮತ್ತು ಕಣ್ಣು ಎರಡನ್ನೂ ಯಂತ್ರಕ್ಕೆ ಕೊಡೋಣ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಅಡಿಕೆಗೆ ತನ್ನನ್ನು ಯಾರು ಸುಲಿದರು ಎಂಬುದು ಗೊತ್ತಾಗುವುದಿಲ್ಲ. ಹಾಸಿಗೆ ಹಿಡಿದ ಅಜ್ಜನಿಗೆ, ಒಂದನೇ ಕ್ಲಾಸಿನ ಮಗುವಿಗೆ, ಠಾಣೆಯ ಬೆಂಚಿನ ಮೇಲೆ ಕೂತವನಿಗೆ ಗೊತ್ತಾಗುತ್ತದೆ.

ನಾನು ಯಂತ್ರ ಬೇಡ ಎನ್ನುವವನಲ್ಲ. ಈ ಮೂರು ಕೆಲಸಗಳಲ್ಲಿ ಭಾರ ಎತ್ತುವುದು, ಲೆಕ್ಕ ಬರೆಯುವುದು, ಅಪಾಯದ ಜಾಗಕ್ಕೆ ನುಗ್ಗುವುದು ಯಂತ್ರಕ್ಕೆ ಹೋಗಲಿ. ಮನುಷ್ಯರ ಹುದ್ದೆ ಮಾತ್ರ ಹೋಗಬಾರದು. ಅದರಲ್ಲೂ ನಮ್ಮ ಕಡೆಗೆ ಬೇರೆಯದೇ ಅಪಾಯ ಇದೆ. ಇಲ್ಲಿಗೆ ರೋಬೋಟ್ ಬಂದರೆ ಯಾರನ್ನೂ ಎಬ್ಬಿಸಿ ಕುರ್ಚಿ ಹಿಡಿಯಬೇಕಾಗಿಲ್ಲ. ಎಷ್ಟೋ ವರ್ಷದಿಂದ ಖಾಲಿ ಇರುವ ಕುರ್ಚಿಯ ಮೇಲೆ ಬಂದು ಕೂರುತ್ತದೆ. ಆಮೇಲೆ ಆ ಕುರ್ಚಿ ಖಾಲಿ ಇದೆ ಎಂದು ಅರ್ಜಿ ಬರೆಯಲೂ ಆಗುವುದಿಲ್ಲ.

ಆರೈಕೆಯ ವಿಷಯವನ್ನೇ ಮೊದಲು ನೋಡೋಣ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಹಳ್ಳಿಗಳಲ್ಲಿ ಒಂದು ಸುತ್ತು ಹಾಕಿ. ದೊಡ್ಡ ಮನೆ, ಉದ್ದ ಜಗಲಿ, ಒಳಗೆ ಇಬ್ಬರೇ ವಯಸ್ಸಾದವರು. ಮಕ್ಕಳು ಬೆಂಗಳೂರಲ್ಲಿ, ಕೆಲವರು ಅಮೆರಿಕದಲ್ಲಿ. ಹಬ್ಬಕ್ಕೆ ಬರುತ್ತಾರೆ, ದುಡ್ಡು ಕಳಿಸುತ್ತಾರೆ, ದಿನಾ ಫೋನ್ ಮಾಡುತ್ತಾರೆ. ಅವರನ್ನು ದೂರುವ ಹಾಗಿಲ್ಲ. ಆದರೂ ಬಚ್ಚಲಲ್ಲಿ ಜಾರಿ ಬಿದ್ದಾಗ ಎತ್ತಲು ಒಬ್ಬರು ಬೇಕಲ್ಲ. ಹೋಂ ನರ್ಸ್ ಸಿಗುವುದು ಕಷ್ಟ. ಸಿಕ್ಕವರೂ ಮಳೆಗಾಲದಲ್ಲಿ, ಕರೆಂಟಿಲ್ಲದ ಕಾಡಿನ ಮೂಲೆಯಲ್ಲಿ ಉಳಿಯುವುದು ಇನ್ನೂ ಕಷ್ಟ.

ಇಂಥ ಪರಿಸ್ಥಿತಿ ನಮಗಿಂತ ಮೊದಲೇ ಬಂದ ದೇಶ ಜಪಾನ್. ಅಲ್ಲಿ ನೂರಕ್ಕೆ ಸುಮಾರು 29 ಜನ 65 ದಾಟಿದವರು. ರೋಬೋಟ್ ಮಾಡುವುದರಲ್ಲೂ ಅವರೇ ಮುಂದು. ಸೀಲ್ ಮರಿಯ ಹಾಗೆ ಕಾಣುವ ಪಾರೋ ಎಂಬ ರೋಬೋಟ್ ಮಾಡಿದರು. ಮೈ ಸವರಿದರೆ ಕಣ್ಣು ಮಿಟುಕಿಸುತ್ತದೆ, ಕೂಗುತ್ತದೆ. ಮರೆವಿನ ಕಾಯಿಲೆ ಇರುವವರು ಅದನ್ನು ತೊಡೆ ಮೇಲಿಟ್ಟುಕೊಂಡು ಸಮಾಧಾನ ಪಡುವುದು ಸುಳ್ಳಲ್ಲ. 2015ರಲ್ಲಿ ರಿಕೆನ್ ಸಂಶೋಧನಾ ಸಂಸ್ಥೆ ರೋಬೇರ್ ಎಂಬ ಕರಡಿ ಮುಖದ ಯಂತ್ರ ತೋರಿಸಿತು. ರೋಗಿಯನ್ನು ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಬಲ್ಲದು. ಅದರ ತೂಕವೇ 140 ಕೆಜಿ. ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಅದರ ಫೋಟೋ ಬಂತು, ಆಸ್ಪತ್ರೆಗಳಿಗೆ ಅದು ಬರಲಿಲ್ಲ.

ಇಷ್ಟೆಲ್ಲ ಮಾಡಿದ ಜಪಾನ್ 2019ರ ಏಪ್ರಿಲ್‌ನಲ್ಲಿ ಏನು ಮಾಡಿತು ಗೊತ್ತಾ? ಹೊಸ ವೀಸಾ ಪದ್ಧತಿ ತಂದಿತು. ವಯಸ್ಸಾದವರನ್ನು ನೋಡಿಕೊಳ್ಳಲು ಹೊರದೇಶದ ಜನ ಬನ್ನಿ ಎಂದು ಕರೆಯಿತು. 2021ರ ಜನವರಿಯಲ್ಲಿ ಭಾರತದ ಜೊತೆಗೂ ಇದೇ ಒಪ್ಪಂದಕ್ಕೆ ಸಹಿ ಹಾಕಿತು. ರೋಬೋಟ್ ಬಂದ ಆರೈಕೆ ಕೇಂದ್ರಗಳಲ್ಲಿ ಇನ್ನೊಂದು ವಿಷಯವೂ ಕಾಣಿಸಿತು. ಯಂತ್ರವನ್ನು ಚಾರ್ಜ್ ಮಾಡುವುದು, ಒರೆಸುವುದು, ತಳ್ಳಿಕೊಂಡು ಹೋಗುವುದು, ಅದರ ಪಕ್ಕ ನಿಂತು ಕಾಯುವುದು, ಎಲ್ಲ ಅಲ್ಲಿನ ಸಿಬ್ಬಂದಿಯ ತಲೆಗೇ ಬಂತು. ಆ ಹೊತ್ತನ್ನು ಅವರು ಮೊದಲು ರೋಗಿಯ ಜೊತೆ ಕಳೆಯುತ್ತಿದ್ದರು.

ನಮ್ಮ ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿದ್ದರು. ಶಿಕಾರಿಪುರ ಕಡೆಯ ಒಬ್ಬರು ಅವರನ್ನು ನೋಡಿಕೊಳ್ಳುತ್ತಿದ್ದರು. ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಬಟ್ಟೆ ಬದಲಿಸುವುದು. ಗಾಳಿ ಹಾಸಿಗೆ ತಂದ ಮೇಲೆ ಅವರ ಅರ್ಧ ಕಷ್ಟ ಇಳಿಯಿತು. ಅಜ್ಜಿಗೆ ಹಲ್ಲಿಲ್ಲ, ಆದರೆ ಎಲೆ ಅಡಿಕೆ ಬಿಡುವವರಲ್ಲ. ಮಧ್ಯಾಹ್ನ ಊಟ ಆದ ಕೂಡಲೇ ಕುಟ್ಟಾಣಿಯ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು. ಒಂದು ದಿನ ಅಜ್ಜಿ ಎಲೆ ಬೇಡ ಎಂದರು. ಸಂಜೆಯೂ ಬೇಡ ಎಂದರು. ನೋಡಿಕೊಳ್ಳುತ್ತಿದ್ದಾಕೆ ತಕ್ಷಣ ಅಜ್ಜಿಯ ಮಗನಿಗೆ ಫೋನ್ ಮಾಡಿದರು. "ಅಣ್ಣ, ಅಜ್ಜಿ ಎಲೆ ಬೇಡ ಅಂತಿದಾರೆ. ಏನೋ ಸರಿ ಇಲ್ಲ, ಬೇಗ ಡಾಕ್ಟ್ರಿಗೆ ತೋರ್ಸಿ." ಜ್ವರ ಇರಲಿಲ್ಲ. ಬಿಪಿ ಸರಿ ಇತ್ತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದರೆ ನ್ಯುಮೋನಿಯಾ ಶುರುವಾಗಿತ್ತು. ವಯಸ್ಸಾದವರಲ್ಲಿ ಎಷ್ಟೋ ಸಲ ಜ್ವರ ಇಲ್ಲದೆಯೇ ನ್ಯುಮೋನಿಯಾ ಬರುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಮೀಟರ್ ಕೂಡ ಅದನ್ನು ಹೇಳುತ್ತಿತ್ತೇನೋ. ಆದರೆ ಅದನ್ನು ಸಿಕ್ಕಿಸಿ ನೋಡಬೇಕು ಎಂದು ಯಾರಿಗಾದರೂ ಮೊದಲು ಅನ್ನಿಸಬೇಕು.

ಆಕೆಗೆ ವಾರದ ರಜೆ ಇರಲಿಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ನಾಳೆ ಅವರಿಗೇ ಸೊಂಟ ಹೋದರೆ ಕೇಳುವವರಿಲ್ಲ. ಈ ಕೆಲಸಕ್ಕೆ ಜನ ಸಿಗುತ್ತಿಲ್ಲ ಎಂದು ನಾವು ಹೇಳುವಾಗ ಇದನ್ನೂ ಸೇರಿಸಿ ಹೇಳಬೇಕು. ಈ ಸಂಬಳಕ್ಕೆ, ಈ ಮರ್ಯಾದೆಗೆ ಜನ ಸಿಗುತ್ತಿಲ್ಲ. ಕೆಲವು ಮನೆಗಳಲ್ಲಿ ಹೋಂ ನರ್ಸ್ ಬಂದ ಕೂಡಲೇ ಜಾತಿ ಕೇಳುತ್ತಾರೆ, ಅಡುಗೆಮನೆಗೆ ಬಿಡುವುದಿಲ್ಲ. ಯಂತ್ರಕ್ಕೆ ಜಾತಿ ಇಲ್ಲ, ಅದೇ ವಾಸಿ ಅಲ್ವಾ ಎಂದು ಕೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಹಾಗೆ ಮಾಡಿದರೆ ಕೆಲಸ ಕಳೆದುಕೊಳ್ಳುವವರು ಅವಮಾನ ತಿಂದವರೇ. ಅವಮಾನ ಮಾಡಿದವರಿಗೆ ಹೊಸ ಮಷಿನ್ ಸಿಗುತ್ತದೆ.

ಹಾಗೆಂದು ಯಂತ್ರ ಬೇಡ ಎಂದರೆ ಅದೂ ತಪ್ಪು. ಮಗನ ಕೈಲಿ ಮೈ ತೊಳೆಸಿಕೊಳ್ಳಲು ಸಂಕೋಚ ಪಡುವ ತಾಯಂದಿರಿದ್ದಾರೆ. ಬಟನ್ ಒತ್ತಿದರೆ ಏಳುವ ಮಂಚ, ಎತ್ತಿ ಕೂರಿಸುವ ಲಿಫ್ಟ್, ಬಿದ್ದ ಕೂಡಲೇ ಅಕ್ಕಪಕ್ಕದವರ ಫೋನಿಗೆ ಹೇಳುವ ಕೈಪಟ್ಟಿ, ಇವೆಲ್ಲ ಅವರ ಮಾನ ಉಳಿಸುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇವು ಬಾಡಿಗೆಗೆ ಸಿಗುವಂತಾದರೆ ಎಷ್ಟು ಮನೆಗೆ ಉಪಕಾರ! ಮಾತಾಡುವ ರೋಬೋಟ್‌ಗಿಂತ ಮೊದಲು ಬರಬೇಕಾದ್ದು ಇವು. ಶರಾವತಿ ಹಿನ್ನೀರಿನ ತುಮರಿ ಭಾಗದವರಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಲಾಂಚೇ ಗತಿಯಾಗಿತ್ತು. ರಾತ್ರಿ ಹೆರಿಗೆ ನೋವು ಬಂದರೂ, ಎದೆನೋವು ಬಂದರೂ ದಡದಲ್ಲಿ ಕಾಯಬೇಕು, ಇಲ್ಲವೇ ಸುತ್ತು ಹಾಕಬೇಕು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ಅಲ್ಲಿನವರು 60 ವರ್ಷ ಕೇಳಿದ್ದು ಆಂಬುಲೆನ್ಸ್ ದಾಟುವಂಥ ಒಂದು ಸೇತುವೆಯನ್ನು.

ಆರೈಕೆಗೆ ಯಂತ್ರ ಇನ್ನೂ ಬಂದಿಲ್ಲ ಎಂದು ನಾವು ಅಂದುಕೊಂಡಿದ್ದೇವೆ. ಕೈಕಾಲು ಇರುವ ರೋಬೋಟ್ ಬಂದಿಲ್ಲ, ಅಷ್ಟೇ. 2025ರ ಜುಲೈ 1ರಿಂದ ಅಂಗನವಾಡಿಯಲ್ಲಿ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಗುರುತಿಸುವುದು ಕಡ್ಡಾಯವಾಗಿದೆ. ಬಾಣಂತಿ ಎದುರಿಗೇ ನಿಂತಿರುತ್ತಾಳೆ. ಅಂಗನವಾಡಿ ಟೀಚರಿಗೆ ಅವಳು ಹುಟ್ಟಿದಾಗಿನಿಂದ ಗೊತ್ತು. ಆದರೆ ಫೋನ್ ಅವಳನ್ನು ಗುರುತಿಸಬೇಕು. ನೆಟ್‌ವರ್ಕ್ ಇಲ್ಲದ ಊರಲ್ಲಿ ಆ ಫೋನ್ ಹಿಡಿದು ಗುಡ್ಡ ಹತ್ತಬೇಕು. ಕಳ್ಳತನ ತಡೆಯಲು ಮಾಡಿದ್ದು, ಉದ್ದೇಶ ಸರಿಯೇ. ಆದರೆ ಪರಿಚಯ ಇರುವ ಮನುಷ್ಯರ ಮಾತಿಗಿಂತ ಪರಿಚಯ ಇಲ್ಲದ ಯಂತ್ರದ ಮಾತಿಗೆ ಬೆಲೆ ಜಾಸ್ತಿ ಎಂಬ ರೂಢಿ ಶುರುವಾಗುವುದು ಹೀಗೆ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು ಮೊದಲು ಪತ್ತೆಯಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅದರಿಂದ ನಲುಗಿತು. ಹಳೆ ಲಸಿಕೆ ಸಾಲದು ಎಂದು 2022ರಲ್ಲಿ ನಿಲ್ಲಿಸಿದರು. ಸದ್ಯಕ್ಕೆ ಉಳಿದಿರುವುದು ಉಣುಗು ಕಚ್ಚದ ಹಾಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ, ಮತ್ತೆ ಅದನ್ನು ಮನೆಮನೆಗೆ ಕೊಟ್ಟು "ದರಗು ತರೋಕೆ ಹೋಗೋ ಮುಂಚೆ ಹಚ್ಕೊಳಿ ಅಕ್ಕ" ಎಂದು ಹೇಳಿಹೇಳಿ ಸುಸ್ತಾಗುವ ಆಶಾ ಕಾರ್ಯಕರ್ತೆ. ಸತ್ತ ಮಂಗವನ್ನು ಡ್ರೋನ್ ಹುಡುಕಲಿ, ತುಂಬಾ ಒಳ್ಳೆಯದು. ಎಣ್ಣೆ ವಾಸನೆ ಎಂದು ಮೂಗು ಮುರಿಯುವ ಯಜಮಾನನನ್ನು ಒಪ್ಪಿಸುವವರು ಆಶಾ ಅಕ್ಕನೇ. 2025ರ ಜನವರಿಯ ಚಳಿಯಲ್ಲಿ ಈ ಅಕ್ಕಂದಿರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತು ಕೇಳಿದ್ದು ತಿಂಗಳಿಗೆ 15,000 ರೂಪಾಯಿ ಖಾತ್ರಿ ಗೌರವಧನ. ರೋಬೋಟ್‌ಗೆ ದುಡ್ಡು ಹೊಂದಿಸಬಲ್ಲ ಸರ್ಕಾರಗಳ ಮುಂದೆ ಇವರು ಇಷ್ಟು ಕೇಳಲು ಬೀದಿಗೆ ಬರಬೇಕಾಯಿತು ಎಂಬುದು ನನಗೆ ನೋವಿನ ವಿಷಯ.

ಪೊಲೀಸ್ ಕೆಲಸಕ್ಕೆ ಬರೋಣ. ಯಂತ್ರದ ಪರ ಗಟ್ಟಿ ವಾದ ಇರುವುದು ಇಲ್ಲೇ. ರೋಬೋಟ್ ಲಂಚ ಕೇಳುವುದಿಲ್ಲ, ಕುಡಿದು ಡ್ಯೂಟಿಗೆ ಬರುವುದಿಲ್ಲ, ಸಿಟ್ಟಿಗೆದ್ದು ಹೊಡೆಯುವುದಿಲ್ಲ. ಠಾಣೆಯಲ್ಲಿ ಏಟು ತಿಂದವನಿಗೆ ಈ ಮಾತು ಸಣ್ಣದಲ್ಲ. ಶಿವಮೊಗ್ಗದ ಸರ್ಕಲ್‌ಗಳಲ್ಲಿ ಕ್ಯಾಮೆರಾ ಬಂದ ಮೇಲೆ ದಂಡದ ವಿಷಯದಲ್ಲಿ "ನಮ್ಮ ಹುಡುಗ, ಬಿಟ್ಬಿಡಿ ಸರ್" ಎನ್ನುವ ಫೋನ್‌ಗೆ ಕೆಲಸ ಇಲ್ಲ. ಅದು ಒಳ್ಳೆಯದೇ ಆಯಿತು.

ಆದರೆ ಕ್ಯಾಮೆರಾ ಹೆಲ್ಮೆಟ್ ನೋಡುವುದೇ ಬೇರೆ, ಯಂತ್ರ ಮನುಷ್ಯನನ್ನು ಕಳ್ಳ ಎಂದು ಗುರುತಿಸುವುದೇ ಬೇರೆ. 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ರಾಬರ್ಟ್ ವಿಲಿಯಮ್ಸ್ ಎಂಬ ಕಪ್ಪು ಜನಾಂಗದ ವ್ಯಕ್ತಿಯನ್ನು ಹೆಂಡತಿ ಮಕ್ಕಳ ಎದುರೇ ಬಂಧಿಸಿದರು. ಗಡಿಯಾರದ ಅಂಗಡಿಯಲ್ಲಿ ಕದ್ದವನ ಮಸುಕು ಚಿತ್ರಕ್ಕೆ ಇವರ ಫೋಟೋ ಹೊಂದುತ್ತದೆ ಎಂದು ಸಾಫ್ಟ್‌ವೇರ್ ಹೇಳಿತ್ತು. ಸುಮಾರು 30 ಗಂಟೆ ಅವರು ಒಳಗಿದ್ದರು. ಕದ್ದವರು ಅವರಾಗಿರಲಿಲ್ಲ. 2024ರಲ್ಲಿ ನಗರಾಡಳಿತ ಪರಿಹಾರ ಕೊಟ್ಟಿತು. ಬರೀ ಮುಖ ಗುರುತಿನ ಮೇಲೆ ಯಾರನ್ನೂ ಬಂಧಿಸುವುದಿಲ್ಲ ಎಂದು ಒಪ್ಪಿಕೊಂಡಿತು. ಇದಕ್ಕೂ ಮೊದಲೇ, 2018ರಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜಾಯ್ ಬುವೊಲಮ್ವಿನಿ ತಂಡ ಇಂಥ ಸಾಫ್ಟ್‌ವೇರ್‌ಗಳ ಪರೀಕ್ಷೆ ಮಾಡಿತ್ತು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಸುಲಭದ ಕೆಲಸದಲ್ಲೂ ಬಿಳಿ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ ಒಂದೂ ಇರಲಿಲ್ಲ, ಕಪ್ಪು ಹೆಂಗಸರ ವಿಷಯದಲ್ಲಿ 34ರವರೆಗೂ ಹೋಯಿತು. ಯಂತ್ರಕ್ಕೆ ಪಕ್ಷಪಾತ ಇಲ್ಲ ಎನ್ನುವವರು ಈ ಅಂಕಿ ನೋಡಬೇಕು. ಅದು ಕಲಿಯುವುದು ನಾವು ಹಾಕಿದ ಫೋಟೋ ಮತ್ತು ದಾಖಲೆಗಳಿಂದ. ನಮ್ಮ ಠಾಣೆಗಳ ಹಳೆ ಪುಸ್ತಕಗಳಲ್ಲಿ ಯಾವ ಕೇರಿಯವರ ಹೆಸರು ಜಾಸ್ತಿ ಇದೆ ಎಂದು ಯೋಚಿಸಿ.

ನ್ಯೂಯಾರ್ಕ್ ಪೊಲೀಸರು 2023ರಲ್ಲಿ ಟೈಮ್ಸ್ ಸ್ಕ್ವೇರ್ ಸುರಂಗ ರೈಲು ನಿಲ್ದಾಣದಲ್ಲಿ ಕೆ5 ಎಂಬ ಗಸ್ತು ರೋಬೋಟ್ ಬಿಟ್ಟರು. ಗಂಟೆಗೆ 9 ಡಾಲರ್ ಬಾಡಿಗೆ, ಕನಿಷ್ಠ ಕೂಲಿಗಿಂತ ಅಗ್ಗ ಎಂದು ಮೇಯರ್ ಹೇಳಿಕೊಂಡರು. ಅದಕ್ಕೆ ಮೆಟ್ಟಿಲು ಹತ್ತಲು ಬರುವುದಿಲ್ಲ. ಅದನ್ನು ಕಾಯಲು ಜೊತೆಗೆ ಪೊಲೀಸರೇ ನಿಲ್ಲಬೇಕಾಯಿತು. 2024ರ ಫೆಬ್ರವರಿ ಹೊತ್ತಿಗೆ ವಾಪಸ್ ಕಳಿಸಿದರು. ಆಯುಧದ ವಿಷಯ ಇದಕ್ಕಿಂತ ಗಂಭೀರ. 2016ರಲ್ಲಿ ಡಾಲಸ್ ಪೊಲೀಸರು ಬಾಂಬ್ ನಿಷ್ಕ್ರಿಯ ಮಾಡುವ ರೋಬೋಟ್‌ಗೆ ಸ್ಫೋಟಕ ಕಟ್ಟಿ, ಐವರು ಪೊಲೀಸರನ್ನು ಕೊಂದ ಬಂದೂಕುಧಾರಿಯನ್ನು ಕೊಂದರು. 2022ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರ ಮಂಡಳಿ ಪೊಲೀಸ್ ರೋಬೋಟ್‌ಗಳು ಪ್ರಾಣ ತೆಗೆಯಬಹುದು ಎಂದು ಒಪ್ಪಿತು. ಜನ ಬೀದಿಗೆ ಬಂದರು. ಒಂದೇ ವಾರದಲ್ಲಿ ಮಂಡಳಿ ತೀರ್ಮಾನ ಬದಲಿಸಿತು.

ನನ್ನ ಅಭಿಪ್ರಾಯದಲ್ಲಿ ಪೊಲೀಸ್ ವ್ಯವಸ್ಥೆಯಲ್ಲಿ ಯಂತ್ರ ನೋಡಬೇಕಾದ್ದು ಲಾಠಿ ಹಿಡಿದವರ ಕಡೆಗೆ. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲೇ ಆದೇಶ ಕೊಟ್ಟಿದೆ. ಪ್ರತಿ ಠಾಣೆಯಲ್ಲೂ, ಲಾಕಪ್ ಮುಂದೆಯೂ, ಧ್ವನಿ ಸಹಿತ ಕ್ಯಾಮೆರಾ ಇರಬೇಕು. 2025ರಲ್ಲಿ ಕೋರ್ಟ್ ತಾನಾಗಿಯೇ ಮತ್ತೆ ಈ ವಿಷಯ ಎತ್ತಿಕೊಳ್ಳಬೇಕಾಯಿತು, ಯಾಕೆಂದರೆ ಎಷ್ಟೋ ಕಡೆ ಆ ಕ್ಯಾಮೆರಾಗಳೇ ಕೆಲಸ ಮಾಡುತ್ತಿರಲಿಲ್ಲ. ರೋಬೋಟ್ ಪೊಲೀಸ್ ಕನಸು ಕಾಣುವ ಮುಂಚೆ ಲಾಕಪ್ ಮುಂದಿನ ಕ್ಯಾಮೆರಾ ಓಡಲಿ.

ಶಿವಮೊಗ್ಗದಲ್ಲಿ ಗಣಪತಿ ಬಿಡುವ ದಿನ ಎಂದರೆ ಊರಿಡೀ ಉಸಿರು ಬಿಗಿ ಹಿಡಿಯುತ್ತದೆ. ಡ್ರೋನ್ ಹಾರುತ್ತದೆ, ಸಾಲು ಸಾಲು ಕ್ಯಾಮೆರಾ ಇರುತ್ತದೆ. ನಿಜವಾದ ಕೆಲಸ ಅದಕ್ಕೂ ವಾರಗಳ ಮೊದಲೇ ಶಾಂತಿ ಸಭೆಯಲ್ಲಿ ಶುರುವಾಗಿರುತ್ತದೆ. 2023ರಲ್ಲಿ ಅನಂತ ಚತುರ್ದಶಿ ಮತ್ತು ಈದ್ ಮಿಲಾದ್ ಒಂದೇ ದಿನ ಬಂದವು. ಮಾತುಕತೆಯಾಗಿ ಮಿಲಾದ್ ಮೆರವಣಿಗೆ ಮುಂದಕ್ಕೆ ಹೋಯಿತು. ಆದರೂ ಅಕ್ಟೋಬರ್ 1ರಂದು ರಾಗಿಗುಡ್ಡದಲ್ಲಿ ಕಲ್ಲು ತೂರಾಟ ಆಯಿತು. ಮನುಷ್ಯರು ಮಾತಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಎರಡೂ ಕಡೆಯ ಹಿರಿಯರ ಮನೆಗೆ ಹೋಗಿ ಟೀ ಕುಡಿದು, "ಈ ಸಲ ನಿಮ್ಮ ಹುಡುಗರ ಜವಾಬ್ದಾರಿ ನಿಮ್ದು ಸಾಹೇಬ್ರೆ" ಎಂದು ಮಾತು ತಗೊಳ್ಳುವ ಕೆಲಸವನ್ನು ಡ್ರೋನ್ ಮಾಡಲಾರದು. ಮಾತು ತಪ್ಪಿದರೆ ಮುಂದಿನ ಸಲ ಮುಖ ಕೊಟ್ಟು ಮಾತಾಡಲು ಆಗುವುದಿಲ್ಲ ಎಂಬ ಅಳುಕು ಇಬ್ಬರಿಗೂ ಇರಬೇಕು.

ಇನ್ನು ಶಾಲೆ. 2024ರಲ್ಲಿ ತಿರುವನಂತಪುರ ಜಿಲ್ಲೆಯ ಶಾಲೆಯೊಂದರಲ್ಲಿ ಸೀರೆ ಉಡಿಸಿದ ಐರಿಸ್ ಎಂಬ ರೋಬೋಟ್ ಟೀಚರ್ ಬಂತು. ಮಕ್ಕಳು ಕೈ ಕುಲುಕಿದರು, ಟಿವಿಯವರು ಓಡಿ ಬಂದರು. ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಚಕ್ರದ ಮೇಲೆ ಓಡಾಡುತ್ತಾ ಪ್ರಶ್ನೆಗೆ ಉತ್ತರ ಹೇಳುವ ಯಂತ್ರ ಅದು.

ಪಾಠ ಹೇಳಿಕೊಡುವ ಸಾಫ್ಟ್‌ವೇರ್ ಮಾತ್ರ ನಿಜಕ್ಕೂ ಯೋಚಿಸಬೇಕಾದ ವಿಷಯ. ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು 1,000 ಮಕ್ಕಳಿಗೆ ಗಣಿತ ಅಭ್ಯಾಸಕ್ಕೆ ಚಾಟ್‌ಜಿಪಿಟಿಯಂಥ ಸಾಧನ ಕೊಟ್ಟು ನೋಡಿದರು. ಅಭ್ಯಾಸದ ಹೊತ್ತಿಗೆ ಅಂಕ 48 ಶೇಕಡಾ ಏರಿತು. ಸಾಧನ ಕಿತ್ತುಕೊಂಡು ಪರೀಕ್ಷೆ ಮಾಡಿದಾಗ, ಅದನ್ನು ಬಳಸದವರಿಗಿಂತ 17 ಶೇಕಡಾ ಕಡಿಮೆ ಬಂತು. ಉತ್ತರ ಹೇಳದೆ ಬರೀ ಸುಳಿವು ಕೊಡುವಂತೆ, ಶಿಕ್ಷಕರ ಸಲಹೆಯ ಮೇಲೆ ಮಾಡಿದ ಇನ್ನೊಂದು ಸಾಧನ ಪಡೆದವರಿಗೆ ಈ ನಷ್ಟ ಬಹುಮಟ್ಟಿಗೆ ಆಗಲಿಲ್ಲ. ಅಂದರೆ ಮಗುವಿಗೆ ಯಾವಾಗ ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂದು ತಿಳಿದ ಶಿಕ್ಷಕರು ಹಿಂದೆ ನಿಂತಾಗ ಯಂತ್ರ ಕೆಲಸಕ್ಕೆ ಬರುತ್ತದೆ.

ಇದು ನಮ್ಮ ನಲಿ-ಕಲಿ ತರಗತಿ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಕಾರ್ಡುಗಳಿವೆ, ಕಲಿಕಾ ಏಣಿ ಇದೆ, ಮಕ್ಕಳು ಬೇರೆ ಬೇರೆ ತಟ್ಟೆಗಳಲ್ಲಿ ಗುಂಪಾಗಿ ಕೂರುತ್ತಾರೆ. ಒಂದು ತಟ್ಟೆಯ ಮಕ್ಕಳಿಗೆ ಟೀಚರ್ ಪೂರ್ತಿ ಜೊತೆಗಿರಬೇಕು, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಮಾಡುತ್ತದೆ. ತಾನೇ ಮಾಡುವ ತಟ್ಟೆಯಲ್ಲಿ ಒಂದು ಟ್ಯಾಬ್ ಇದ್ದರೆ ಅಡ್ಡಿಯಿಲ್ಲ. ಆದರೆ ಈ ಮಗು ಇವತ್ತು ಮುಂದಿನ ತಟ್ಟೆಗೆ ಹೋಗಬಹುದು, ಆ ಮಗು ಇನ್ನೆರಡು ದಿನ ನನ್ನ ಪಕ್ಕದಲ್ಲೇ ಇರಲಿ ಎನ್ನುವುದು ಟೀಚರ್ ಕಣ್ಣಿಗೆ ಕಾಣುವುದು. ಮನೆಯಲ್ಲಿ ಜಗಳವಾಗಿ ಅತ್ತು ಬಂದ ಮಗುವಿಗೂ, ಕೂಡಿಸುವ ಲೆಕ್ಕ ಬಾರದ ಮಗುವಿಗೂ ಉತ್ತರ ಒಂದೇ ರೀತಿ ತಪ್ಪಾಗಿರುತ್ತದೆ.

ಮಳೆಗಾಲದಲ್ಲಿ ಮಲೆನಾಡಿನ ಮೇಷ್ಟ್ರಿಗೆ ಇನ್ನೊಂದು ಕೆಲಸ ಇದೆ. ಯಾವ ಮಗು ಯಾವ ಹಳ್ಳದ ಕಾಲುಸಂಕ ದಾಟಿ ಬರುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ಮಧ್ಯಾಹ್ನ ಮೋಡ ಕಟ್ಟಿದರೆ ಆ ದಿಕ್ಕಿನ ಮಕ್ಕಳನ್ನು ಮೊದಲು ಕಳಿಸುತ್ತಾರೆ, ದೊಡ್ಡ ಮಕ್ಕಳನ್ನು ಜೊತೆ ಮಾಡುತ್ತಾರೆ, ಕೆಲವು ಸಲ ತಾವೇ ಸಂಕದವರೆಗೆ ಹೋಗುತ್ತಾರೆ. ಕೋವಿಡ್ ಹೊತ್ತಲ್ಲಿ ಆನ್‌ಲೈನ್ ಪಾಠ ಎಂದಾಗ ನಮ್ಮ ಮಕ್ಕಳು ಕೊಡೆ ಹಿಡಿದು ಗುಡ್ಡದ ತುದಿಯಲ್ಲಿ ಸಿಗ್ನಲ್ ಹುಡುಕಿದರು. ಆಗ ನೆರವಿಗೆ ಬಂದದ್ದು 2020ರ ವಿದ್ಯಾಗಮ. ಶಿಕ್ಷಕರೇ ಊರಿಗೆ ನಡೆದು ಬಂದು ಜಗಲಿಯಲ್ಲಿ, ದೇವಸ್ಥಾನದ ಕಟ್ಟೆಯಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ದೇಶದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಲಕ್ಷಕ್ಕೂ ಹೆಚ್ಚು. ಮಲೆನಾಡಿನಲ್ಲಿ ಇಂಥವು ಊರೂರಿಗೆ ಸಿಗುತ್ತವೆ. ಆ ಒಬ್ಬರೂ ಪಾಠಕ್ಕೆ ಸಿಗುತ್ತಾರಾ? 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆಮನೆಗೆ ಹೋಗಿ ಆ್ಯಪ್‌ನಲ್ಲಿ ತುಂಬಿದವರು ಹೆಚ್ಚಾಗಿ ಸರ್ಕಾರಿ ಶಾಲೆಯ ಶಿಕ್ಷಕರು. ಕೆಲಸ ಮುಗಿಯಲಿಲ್ಲ ಎಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಉಳಿದ ದಿನಗಳಲ್ಲೂ ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಶೂ-ಸಾಕ್ಸಿನ ಲೆಕ್ಕ, ಹಾಜರಿ ಅಪ್‌ಲೋಡ್. ಯಂತ್ರಕ್ಕೆ ಕೊಡಬೇಕಾದ ಕೆಲಸವೆಲ್ಲ ಮನುಷ್ಯರ ತಲೆ ಮೇಲೆ ಹೇರಿ, ಮನುಷ್ಯರು ಮಾಡಬೇಕಾದ ಪಾಠವನ್ನು ಯಂತ್ರಕ್ಕೆ ಕೊಡೋಣ ಎನ್ನುತ್ತಿದ್ದೇವೆ. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರಿಗೆ ಪಾಠದ ಯೋಜನೆ ಸಿದ್ಧಮಾಡಿಕೊಡುವ ಒಂದು ಸಾಧನ ಮಾಡಿವೆ. ಶಿಕ್ಷಕರ ಹೊತ್ತು ಉಳಿಸುವ ಇಂಥ ಕೆಲಸ ಇನ್ನೂ ಬರಲಿ.

ಈ ಇಡೀ ಚರ್ಚೆಯಲ್ಲಿ ನನ್ನನ್ನು ಕಾಡುವುದು ಒಂದು ಅನುಮಾನ. ಯಂತ್ರ ಬಂದಾಗ ಅದು ಯಾರ ಮನೆಗೆ, ಯಾರ ಮಕ್ಕಳಿಗೆ ಬರುತ್ತದೆ? ದುಡ್ಡಿದ್ದವರು ಕೊನೆಗಾಲದಲ್ಲಿ ಕೈ ಹಿಡಿಯುವ ಮನುಷ್ಯರನ್ನು ಇಟ್ಟುಕೊಳ್ಳುತ್ತಾರೆ. ತಮ್ಮ ಮಕ್ಕಳಿಗೆ ಹದಿನೈದು ಮಕ್ಕಳಿಗೊಬ್ಬರು ಟೀಚರ್ ಇರುವ ಶಾಲೆ ಹುಡುಕುತ್ತಾರೆ. ರೋಬೋಟ್ ಬರುವುದು ಖಾಲಿ ಹುದ್ದೆಯ ಊರಿಗೆ, ಬಡವರ ವಾರ್ಡಿಗೆ. ಆಗ ಅದನ್ನು ಪ್ರಗತಿ ಎಂದು ಟೇಪು ಕತ್ತರಿಸಿ ಉದ್ಘಾಟನೆ ಮಾಡುತ್ತಾರೆ.

ಹಾಗಾಗಿ ನಿಮ್ಮ ಪಂಚಾಯಿತಿಗೆ ಯಾರಾದರೂ ಇಂಥ ಯಂತ್ರ ಕೊಡುತ್ತೇವೆ ಎಂದು ಬಂದರೆ ಬೇಡ ಎನ್ನಬೇಕಾಗಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಇಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಇದು ಬಂದ ಮೇಲೆ ಖಾಲಿ ಹುದ್ದೆ ಖಾಲಿ ಎಂದೇ ಲೆಕ್ಕದಲ್ಲಿರುತ್ತದಾ? ಮೇ ತಿಂಗಳ ಸಿಡಿಲಿಗೆ ಬೋರ್ಡ್ ಸುಟ್ಟರೆ ಎಷ್ಟು ದಿನದಲ್ಲಿ ರಿಪೇರಿ, ಯಾರ ಖರ್ಚು? ಅದು ತಪ್ಪು ಹೇಳಿ ಒಬ್ಬರಿಗೆ ತೊಂದರೆಯಾದರೆ ಯಾವ ಅಧಿಕಾರಿಯ ಬಾಗಿಲು ತಟ್ಟಬೇಕು? ಮಕ್ಕಳ, ರೋಗಿಗಳ ಫೋಟೋ ಮತ್ತು ಮಾಹಿತಿ ಯಾರ ಹತ್ತಿರ ಇರುತ್ತದೆ? ಉತ್ತರಗಳನ್ನು ಠರಾವಿನಲ್ಲಿ ಬರೆಸಿ, ಪಿಡಿಒ ಸಹಿ ಹಾಕಿಸಿ. ಶಾಲೆಯ ವಿಷಯವಾದರೆ ಒಂದು ಪ್ರತಿ ಬಿಇಒ ಕಚೇರಿಗೂ ಹೋಗಲಿ.